ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಅವಘಡ ತಡೆಯುವುದು ಹೇಗೆ: ಮಾಲೀಕರಿಗೆ ಮತ್ತು ಸೂಪರ್‌ವೈಸರುಗಳಿಗೆ ಒಂದು ಮಾರ್ಗದರ್ಶಿ

ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ, ಮಾಲೂರುಗಳ ಸುತ್ತ ಎದ್ದು ನಿಂತಿರುವ ದೊಡ್ಡ ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್ (ಮುಂದೆ ಚಾಚಿದ ಎರಡು ಕಬ್ಬಿಣದ ತೋಳುಗಳಿಂದ, ಅಂದರೆ ಫೋರ್ಕುಗಳಿಂದ, ಸರಕು ಎತ್ತಿ ಸಾಗಿಸುವ ಯಂತ್ರ) ಇಲ್ಲದ ಕಟ್ಟಡ ಈಗ ಅಪರೂಪ. ಅವುಗಳ ಪಕ್ಕದಲ್ಲೇ ಹತ್ತಿಪ್ಪತ್ತು ಜನ ದುಡಿಯುವ ಸಣ್ಣ ಗೋದಾಮುಗಳೂ ಒಂದೋ ಎರಡೋ ಯಂತ್ರಗಳನ್ನು ಬಾಡಿಗೆಗೆ ತಂದು ಕೆಲಸ ನಡೆಸುತ್ತಿವೆ. ಇಂಥ ಕಡೆಗಳಲ್ಲಿ ಸುರಕ್ಷತೆಯ ಮಾತು ಬಂದರೆ ಎಲ್ಲರ ಕಣ್ಣೂ ಆಪರೇಟರನ ಮೇಲೆ ಬೀಳುತ್ತದೆ. ಆದರೆ ಈ ಯಂತ್ರದಿಂದ ಅಪಾಯಕ್ಕೊಳಗಾಗುವವರು ಅದರ ಮೇಲೆ ಕುಳಿತವರು ಮಾತ್ರವಲ್ಲ. ಚೀಲ ಹೊತ್ತು ನಡೆಯುವ ಹಮಾಲರು, ಪಟ್ಟಿ ಹಿಡಿದು ಸರಕು ಎಣಿಸುವ ಹುಡುಗರು, ರಸೀದಿಗಾಗಿ ಡಾಕಿನ (ಲಾರಿಗೆ ಸರಕು ಏರಿಸಿ ಇಳಿಸುವ ಕಟ್ಟೆಯ) ಬಳಿ ಕಾಯುತ್ತ ನಿಂತ ಲಾರಿ ಚಾಲಕರು ಮತ್ತು ಕ್ಲೀನರುಗಳು ಕೂಡ. ಆದ್ದರಿಂದ ಈ ಲೇಖನದಲ್ಲಿ ಚಾಲನೆಯ ವಿಷಯಕ್ಕಿಂತ ಮೊದಲು ನೆಲದ ವಿಷಯವೂ ಬೀಗದ ಕೈಯ ವಿಷಯವೂ ಬರುತ್ತವೆ.

ಹಂತ 1: ಯಂತ್ರದ ಸ್ವಭಾವವನ್ನು ಎಲ್ಲರಿಗೂ ತಿಳಿಸಿ

ಎರಡು ಟನ್ ಎತ್ತುವ ಸಾಮಾನ್ಯ ಫೋರ್ಕ್‌ಲಿಫ್ಟ್ ತಾನೇ ಸುಮಾರು ಮೂರು ಟನ್ನಿಗೂ ಹೆಚ್ಚು ತೂಗುತ್ತದೆ. ಮುಂದೆ ಎತ್ತುವ ಭಾರವನ್ನು ಸರಿದೂಗಿಸಲು ಹಿಂಬದಿಯಲ್ಲಿ ಎರಕದ ಕಬ್ಬಿಣದ ದಪ್ಪ ತೂಕವನ್ನು ಕೂರಿಸಿರುತ್ತಾರೆ. ನೋಡುವುದಕ್ಕೆ ಚಿಕ್ಕದಾಗಿ ಕಾಣುವುದರಿಂದ ಅಕ್ಕಪಕ್ಕದವರು ಇದನ್ನು ಆಟೋರಿಕ್ಷಾದಂತೆ ಭಾವಿಸಿ ಹತ್ತಿರದಲ್ಲೇ ಓಡಾಡುತ್ತಾರೆ. ಇದು ತಿರುಗುವುದು ಹಿಂದಿನ ಚಕ್ರಗಳಿಂದ. ಹೀಗಾಗಿ ಮುಂಭಾಗ ಎಡಕ್ಕೆ ಹೊರಳಿದಾಗ ಹಿಂಭಾಗ ಬಲಕ್ಕೆ ಬೀಸಿ ಬರುತ್ತದೆ. ಯಂತ್ರ ತನ್ನಿಂದ ದೂರ ತಿರುಗುತ್ತಿದೆ ಎಂದುಕೊಂಡು ಗೋಡೆಗೆ ಒರಗಿ ನಿಂತವನನ್ನು ಜಜ್ಜುವುದು ಈ ಬೀಸುವ ಹಿಂಭಾಗವೇ.

ವೇಗದ ಲೆಕ್ಕವನ್ನೂ ಒಮ್ಮೆ ಹೇಳಿಕೊಡಬೇಕು. ಗಂಟೆಗೆ 10 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್. ಅಡ್ಡ ಬಂದವನನ್ನು ಕಂಡು ಆಪರೇಟರನ ಕಾಲು ಬ್ರೇಕಿನ ಮೇಲೆ ಇಳಿಯುವಷ್ಟರಲ್ಲಿಯೇ ಯಂತ್ರ ಎರಡೂವರೆ ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದು ನಿಲ್ಲುವ ದೂರ ಅದರ ಮೇಲಿನದು. ಭಾರ ಹೊತ್ತಾಗ ಥಟ್ಟನೆ ಬ್ರೇಕ್ ಹಾಕಿದರೆ ಸರಕು ಫೋರ್ಕಿನಿಂದ ಜಾರಿ ಮುಂದೆ ಬೀಳುವ ಸಂಭವವೂ ಇದೆ.

ಹಂತ 2: ನಡೆಯುವವರ ದಾರಿಯನ್ನು ಬೇರೆ ಮಾಡಿ

ಕೆಲಸ ನಡೆಯುವ ಹೊತ್ತಿನಲ್ಲಿ ಗೋದಾಮಿನ ಒಂದು ನಕ್ಷೆ ಹಿಡಿದು ನಿಂತು, ಜನ ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆ ಎಂಬುದನ್ನು ಒಂದು ಬಣ್ಣದಲ್ಲಿಯೂ ಯಂತ್ರ ಎಲ್ಲಿಂದ ಎಲ್ಲಿಗೆ ಓಡುತ್ತದೆ ಎಂಬುದನ್ನು ಇನ್ನೊಂದು ಬಣ್ಣದಲ್ಲಿಯೂ ಗೆರೆ ಎಳೆಯಿರಿ. ಎರಡು ಬಣ್ಣಗಳು ಕೂಡುವ ಜಾಗಗಳೇ ನಿಮ್ಮ ಅಪಾಯದ ಜಾಗಗಳು. ಬಹಳಷ್ಟು ಕಡೆ ಕುಡಿಯುವ ನೀರಿನ ಡ್ರಮ್ಮು, ಶೌಚಾಲಯ, ಹಾಜರಿ ಹಾಕುವ ಯಂತ್ರ, ಮೊಬೈಲ್ ಚಾರ್ಜ್ ಮಾಡುವ ಪ್ಲಗ್ಗು ಇವೆಲ್ಲ ಡಾಕಿನ ಆಚೆ ಬದಿಯಲ್ಲಿರುತ್ತವೆ. ದಿನಕ್ಕೆ ನಾಲ್ಕೈದು ಬಾರಿ ಪ್ರತಿಯೊಬ್ಬರೂ ಯಂತ್ರದ ದಾರಿಯನ್ನು ಅಡ್ಡ ಹಾಯಲೇಬೇಕಾಗುತ್ತದೆ. ನೀರಿನ ಡ್ರಮ್ಮನ್ನು ಈಚೆಗೆ ತಂದಿಡುವುದಕ್ಕೆ ಖರ್ಚೇನೂ ಇಲ್ಲ; ಆದರೂ ಇದನ್ನು ಯೋಚಿಸುವವರು ಕಡಿಮೆ.

ಅಡ್ಡ ಹಾಯುವುದು ತಪ್ಪದ ಕಡೆ ಒಂದೇ ಒಂದು ಜಾಗವನ್ನು ಗೊತ್ತುಮಾಡಿ, ಹಳದಿ ಪಟ್ಟೆ ಬಳಿದು, ಉಳಿದ ಉದ್ದಕ್ಕೂ ಕಬ್ಬಿಣದ ಕಟಕಟೆ ನಿಲ್ಲಿಸಬೇಕು. ಬರಿಯ ಹಳದಿ ಗೆರೆ ಯಾರನ್ನೂ ತಡೆಯುವುದಿಲ್ಲ. ಎರಡು ತಿಂಗಳಲ್ಲಿ ಅದರ ಮೇಲೆಯೇ ರಟ್ಟಿನ ಪೆಟ್ಟಿಗೆಗಳು ಕುಳಿತಿರುತ್ತವೆ. ರ‍್ಯಾಕ್ ಸಾಲು ಮುಗಿಯುವ ಮೂಲೆಗಳಲ್ಲಿ ಉಬ್ಬು ಕನ್ನಡಿ ಹಾಕಿಸಿ, ಆ ಮೂಲೆಗಳಲ್ಲಿ ಹಾರ್ನ್ ಕಡ್ಡಾಯ ಮಾಡಿ. ಯಂತ್ರಕ್ಕೆ ಮತ್ತು ಜನರಿಗೆ ಒಂದೇ ಶಟರ್ ಬಾಗಿಲು ಬೇಡ. ಜನರಿಗೆ ಪಕ್ಕದಲ್ಲೊಂದು ಸಣ್ಣ ಬಾಗಿಲು ಇರಲಿ. ಇಷ್ಟು ಮಾಡಲು ಜಾಗವೇ ಇಲ್ಲದ ಇಕ್ಕಟ್ಟಾದ ಗೋದಾಮುಗಳಲ್ಲಿ ಜಾಗದ ಬದಲು ಹೊತ್ತನ್ನು ಹಂಚಬಹುದು: ಯಂತ್ರ ಓಡುವ ಗಂಟೆಗಳಲ್ಲಿ ಆ ಸಾಲಿಗೆ ಸರಪಳಿ ಕಟ್ಟಿ ನಡೆಯುವವರನ್ನು ತಡೆಯುವುದು, ಕೈಯಿಂದ ಸರಕು ಆರಿಸುವ ಗಂಟೆಗಳಲ್ಲಿ ಯಂತ್ರವನ್ನು ಹೊರಗೆ ನಿಲ್ಲಿಸುವುದು.

ಹಂತ 3: ಕೀಲಿಕೈ ಯಾರ ಬಳಿ ಇರಬೇಕೆಂದು ಬರೆದಿಡಿ

ಕಾರು ಓಡಿಸಲು ಬರುತ್ತದೆ ಎಂಬುದು ಫೋರ್ಕ್‌ಲಿಫ್ಟ್ ಓಡಿಸಲು ಅರ್ಹತೆಯಲ್ಲ. ಹದಿನೆಂಟು ತುಂಬಿದ, ಈ ಯಂತ್ರದ ಮೇಲೆಯೇ ತರಬೇತಿ ಪಡೆದ, ನಿಮ್ಮ ಗೋದಾಮಿನ ನೆಲದಲ್ಲಿ ಸೂಪರ್‌ವೈಸರನ ಎದುರು ಓಡಿಸಿ ತೋರಿಸಿದ ವ್ಯಕ್ತಿಗೆ ಮಾತ್ರ ಲಿಖಿತ ಅನುಮತಿ ಕೊಡಿ. ಕುಳಿತು ಓಡಿಸುವ ಯಂತ್ರ ಬಲ್ಲವನಿಗೆ ನಿಂತು ಓಡಿಸುವ ರೀಚ್ ಟ್ರಕ್ (ಫೋರ್ಕನ್ನು ಮುಂದೆ ಚಾಚಿ ಎತ್ತರದ ಸರಕು ತೆಗೆಯುವ ಯಂತ್ರ) ತಾನಾಗಿ ಬರುವುದಿಲ್ಲ; ಅದಕ್ಕೆ ಬೇರೆ ತರಬೇತಿ, ಬೇರೆ ಅನುಮತಿ ಬೇಕು. ಅಮೆರಿಕದಲ್ಲಿ ಪ್ರತಿ ಮೂರು ವರ್ಷಕ್ಕೊಮ್ಮೆಯಾದರೂ ಆಪರೇಟರನ ಕೌಶಲವನ್ನು ಮರಳಿ ಪರೀಕ್ಷಿಸಬೇಕೆಂಬ ನಿಯಮವಿದೆ. ಇಲ್ಲಿಯೂ ಅದನ್ನು ಅನುಸರಿಸುವುದು ಒಳ್ಳೆಯದು.

ಊಟದ ಹೊತ್ತಿನಲ್ಲಿ ಕೀಲಿಕೈಯನ್ನು ಯಂತ್ರದಲ್ಲೇ ಬಿಟ್ಟು ಹೋಗುವ ರೂಢಿಯನ್ನು ಮೊದಲ ದಿನವೇ ನಿಲ್ಲಿಸಬೇಕು. ಆಪರೇಟರ್ ಬರುವುದು ತಡವಾದಾಗ ‘ಒಂದೇ ಪ್ಯಾಲೆಟ್ ಅಲ್ವಾ’ (ಪ್ಯಾಲೆಟ್ ಅಂದರೆ ಸರಕು ಜೋಡಿಸಿ ಇಡುವ ಹಲಗೆ) ಎಂದು ಲಾರಿಯ ಕ್ಲೀನರ್ ಹತ್ತಿ ಕೂರುವುದು ಆ ಅರ್ಧ ಗಂಟೆಯಲ್ಲಿಯೇ. ಯಂತ್ರ ಬಿಟ್ಟು ಇಳಿಯುವ ಮುನ್ನ ಫೋರ್ಕುಗಳನ್ನು ಪೂರ್ತಿ ನೆಲಕ್ಕೆ ಇಳಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಪಾರ್ಕಿಂಗ್ ಬ್ರೇಕ್ ಹಾಕಿ, ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಳ್ಳುವುದು, ಈ ನಾಲ್ಕೂ ಒಂದೇ ಅಭ್ಯಾಸವಾಗಬೇಕು.

ಹಂತ 4: ಶಿಫ್ಟ್ ಶುರುವಾಗುವ ಮುನ್ನ ಐದು ನಿಮಿಷ

ಪ್ರತಿ ಶಿಫ್ಟಿನ ಆರಂಭದಲ್ಲಿ ಆಪರೇಟರ್ ಯಂತ್ರದ ಸುತ್ತ ಒಂದು ಸುತ್ತು ಬರಲಿ: ಟೈರು, ಎಣ್ಣೆ ಸೋರಿಕೆ, ಮಾಸ್ಟಿನ (ಫೋರ್ಕುಗಳು ಮೇಲೆ ಕೆಳಗೆ ಜಾರುವ ಮುಂಭಾಗದ ಕಂಬಗಳ) ಎರಡು ಸರಪಳಿಗಳ ಬಿಗಿ, ಹೈಡ್ರಾಲಿಕ್ ಪೈಪುಗಳು, ತಲೆಯ ಮೇಲಿನ ರಕ್ಷಣಾ ಚೌಕಟ್ಟು. ಆಮೇಲೆ ಕುಳಿತು ಬ್ರೇಕು, ಸ್ಟಿಯರಿಂಗು, ಹಾರ್ನು, ದೀಪ, ರಿವರ್ಸ್ ಅಲಾರಂ, ಸೀಟ್‌ಬೆಲ್ಟುಗಳನ್ನು ನೋಡಲಿ. ರಿವರ್ಸ್ ಅಲಾರಂ ಕಿರಿಕಿರಿ ಎಂದು ಅದರ ತಂತಿ ಕಿತ್ತಿರುವುದು ಹಲವು ಕಡೆ ಸಿಗುತ್ತದೆ. ಆ ಯಂತ್ರ ಅಂದು ಹೊರಗೆ ಬರಬಾರದು.

ಫೋರ್ಕಿನ ದಪ್ಪವನ್ನು ಅಳೆಯುವುದು ಪ್ರತಿದಿನದ ಕೆಲಸವಲ್ಲವಾದರೂ ಬಿಡಬಾರದ ಕೆಲಸ. ಫೋರ್ಕು ನೆಟ್ಟಗಿನ ಭಾಗದಿಂದ ಮಲಗಿದ ಭಾಗಕ್ಕೆ ತಿರುಗುವ ಮೊಣಕಿನಲ್ಲಿ ನೆಲಕ್ಕೆ ಉಜ್ಜಿ ಉಜ್ಜಿ ಸವೆಯುತ್ತದೆ. ಮೊದಲು 40 ಮಿಲಿಮೀಟರ್ ಇದ್ದದ್ದು 36ಕ್ಕೆ ಇಳಿದರೆ, ಅಂದರೆ ದಪ್ಪದಲ್ಲಿ ಶೇಕಡಾ 10ರಷ್ಟು ಸವೆದರೆ, ಅದರ ಬಲ ಸುಮಾರು ಶೇಕಡಾ 20ರಷ್ಟು ಕುಂದಿರುತ್ತದೆ. ಏಕೆಂದರೆ ಬಾಗುವಿಕೆಯನ್ನು ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ಅನುಗುಣವಾಗಿರುತ್ತದೆ. ಆ ಹಂತದಲ್ಲಿ ಫೋರ್ಕನ್ನು ಬದಲಿಸಬೇಕು. ಬೆಸುಗೆ ಹಾಕಿಸಿ ದಪ್ಪ ಮಾಡಿಸಿಕೊಳ್ಳುವುದು ಪರಿಹಾರವಲ್ಲ, ಅಪಾಯ.

ಆಯುಧಪೂಜೆಯ ಮರುದಿನ ಈ ತಪಾಸಣೆಯಲ್ಲಿ ಇನ್ನೊಂದು ಕೆಲಸ ಸೇರುತ್ತದೆ. ಪೂಜೆ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಚೌಕಟ್ಟಿನಿಂದ ಇಳಿಬಿದ್ದ ಚೆಂಡುಹೂವಿನ ಹಾರ, ಮಾಸ್ಟಿಗೆ ಕಟ್ಟಿದ ಬಾಳೆಕಂಬ ಆಪರೇಟರನ ನೋಟವನ್ನು ಮರೆಮಾಡುತ್ತವೆ, ಎಷ್ಟು ಎತ್ತಬಹುದೆಂದು ತಿಳಿಸುವ ಫಲಕದ ಮೇಲೆಯೇ ಅರಿಸಿನ ಕುಂಕುಮ ಬಳಿದಿರುತ್ತಾರೆ. ಯಂತ್ರವನ್ನು ಕೆಲಸಕ್ಕೆ ಬಿಡುವ ಮುನ್ನ ಇವನ್ನೆಲ್ಲ ತೆಗೆದು ಒರೆಸಿರಬೇಕು.

ಹಂತ 5: ಭಾರದ ಲೆಕ್ಕ

‘ಎರಡು ಟನ್ ಗಾಡಿ’ ಎಂಬ ಮಾತೇ ಅರ್ಧ ಸತ್ಯ. ಯಂತ್ರದ ಫಲಕದಲ್ಲಿ ತೂಕದ ಜೊತೆಗೆ ಒಂದು ದೂರವನ್ನೂ ಬರೆದಿರುತ್ತಾರೆ, ಸಾಮಾನ್ಯವಾಗಿ 500 ಮಿಲಿಮೀಟರ್. ಫೋರ್ಕಿನ ನೆಟ್ಟಗಿನ ಮುಖದಿಂದ ಸರಕಿನ ತೂಕದ ನಡುಬಿಂದು ಅಷ್ಟು ದೂರದೊಳಗೆ ಇದ್ದರೆ ಮಾತ್ರ ಎರಡು ಟನ್ ಎಂದು ಅದರ ಅರ್ಥ. ನಡುಬಿಂದು ಮುಂದೆ ಸರಿದಂತೆ ಯಂತ್ರ ಎತ್ತಬಲ್ಲ ಭಾರ ಇಳಿಯುತ್ತದೆ.

ಒಂದು ಉದಾಹರಣೆ ನೋಡೋಣ. ಮುಂದಿನ ಚಕ್ರದ ಅಚ್ಚಿನಿಂದ ಫೋರ್ಕಿನ ಮುಖಕ್ಕೆ 400 ಮಿಲಿಮೀಟರ್ ದೂರವಿದೆ ಎಂದುಕೊಳ್ಳಿ. 2000 ಕಿಲೋ ಭಾರ 500 ಮಿಲಿಮೀಟರಿನಲ್ಲಿದ್ದಾಗ ಅಚ್ಚಿನಿಂದ ಅದರ ದೂರ 900. ಅದೇ ಭಾರದ ನಡುಬಿಂದು 600ಕ್ಕೆ ಹೋದರೆ ದೂರ 1000 ಆಗುತ್ತದೆ. 2000ವನ್ನು 900ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಸಿಗುವುದು 1800 ಕಿಲೋ. 700ಕ್ಕೆ ಹೋದರೆ ಸುಮಾರು 1636 ಕಿಲೋ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ 1200ಕ್ಕೆ 1000 ಮಿಲಿಮೀಟರ್ ಅಳತೆಯ ಪ್ಯಾಲೆಟ್ಟನ್ನು ಯಾವ ಬದಿಯಿಂದ ಎತ್ತುತ್ತೀರಿ ಎಂಬುದರ ಮೇಲೆಯೇ ಈ ವ್ಯತ್ಯಾಸ ಬರುತ್ತದೆ: ಫೋರ್ಕು 1000 ಮಿಲಿಮೀಟರ್ ಉದ್ದಕ್ಕೆ ಹೊಕ್ಕರೆ ನಡುಬಿಂದು 500ರಲ್ಲಿ, 1200 ಉದ್ದಕ್ಕೆ ಹೊಕ್ಕರೆ 600ರಲ್ಲಿ. ಇದು ಹಿಂದುಮುಂದಿನ ತೂಗಾಟದ ಅಂದಾಜು ಮಾತ್ರ. ಎತ್ತರ ಹೆಚ್ಚಿದಂತೆ ಸಾಮರ್ಥ್ಯ ಇನ್ನೂ ಇಳಿಯುತ್ತದೆ, ಕ್ಲ್ಯಾಂಪಿನಂಥ ಹೆಚ್ಚುವರಿ ಸಾಧನ ಜೋಡಿಸಿದರೆ ಮತ್ತೂ ಇಳಿಯುತ್ತದೆ; ಕೊನೆಯ ಮಾತು ತಯಾರಕರ ಫಲಕದ್ದೇ.

ಭಾರ ಹೆಚ್ಚಾಗಿ ಹಿಂದಿನ ಚಕ್ರ ಮೇಲೇಳತೊಡಗಿದಾಗ ಇಬ್ಬರನ್ನು ಹಿಂಬದಿಯ ಮೇಲೆ ಹತ್ತಿಸಿ ಕೂರಿಸುವ ‘ಉಪಾಯ’ವನ್ನು ನೋಡದ ಗೋದಾಮಿನವರು ಇರಲಾರರು. ಯಂತ್ರ ಸ್ವಲ್ಪ ಅಲುಗಿದರೂ ಅವರು ಬೀಳುವುದು ಚಕ್ರದ ಪಕ್ಕಕ್ಕೆ. ಭಾರ ಜಾರಿ ಹಿಂಭಾಗ ಧಡಾರನೆ ನೆಲಕ್ಕೆ ಬಡಿದರೆ ಬೆನ್ನುಮೂಳೆಗೆ ಪೆಟ್ಟು. ಹಿಂದಿನ ಚಕ್ರ ಎದ್ದಾಗ ಸ್ಟಿಯರಿಂಗ್ ಹಿಡಿತವೇ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಭಾರವನ್ನು ಇಳಿಸಿ, ಎರಡು ಪಾಲು ಮಾಡಿ, ಎರಡು ಸುತ್ತು ಹೊಡೆಯಿರಿ. ಹಾಗೆಯೇ ಬಲ್ಬು ಬದಲಿಸಲು, ಮೇಲಿನ ರ‍್ಯಾಕಿನಿಂದ ಒಂದು ಪೆಟ್ಟಿಗೆ ತೆಗೆಯಲು ಪ್ಯಾಲೆಟ್ಟಿನ ಮೇಲೆ ಮನುಷ್ಯನನ್ನು ನಿಲ್ಲಿಸಿ ಎತ್ತುವುದು ಯಾವ ಕಾರಣಕ್ಕೂ ಸಲ್ಲದು. ಏಣಿಯೋ ಮನುಷ್ಯರನ್ನು ಎತ್ತಲೆಂದೇ ಮಾಡಿದ ಯಂತ್ರವೋ ಅದಕ್ಕಿದೆ.

ಹಂತ 6: ಓಡಿಸುವಾಗ

ಸಾಗುವಾಗ ಫೋರ್ಕುಗಳು ನೆಲದಿಂದ 15ರಿಂದ 20 ಸೆಂಟಿಮೀಟರ್ ಮೇಲಿರಬೇಕು, ಮಾಸ್ಟ್ ಹಿಂದಕ್ಕೆ ವಾಲಿರಬೇಕು. ಕಾರಣ ಸರಳ: ಯಂತ್ರಕ್ಕೆ ನಾಲ್ಕು ಚಕ್ರಗಳಿದ್ದರೂ ಹಿಂದಿನ ಅಚ್ಚು ನಡುವಿನ ಒಂದು ಕೀಲಿನ ಮೇಲೆ ತೂಗುವುದರಿಂದ, ಅದು ನಿಂತಿರುವುದು ಮೂರು ಬಿಂದುಗಳ ಮೇಲೆ. ಮುಂದಿನ ಎರಡು ಚಕ್ರ ಮತ್ತು ಹಿಂದಿನ ಕೀಲು ಸೇರಿದ ಆ ತ್ರಿಕೋನದಿಂದ ಒಟ್ಟು ತೂಕದ ನಡುಬಿಂದು ಹೊರಗೆ ಹೋದ ಕ್ಷಣ ಯಂತ್ರ ಮಗುಚುತ್ತದೆ. ಭಾರವನ್ನು ಎತ್ತರಕ್ಕೆ ಏರಿಸಿಕೊಂಡೇ ತಿರುಗಿದರೆ ಆ ನಡುಬಿಂದು ಬೇಗ ಹೊರಗೆ ಹೋಗುತ್ತದೆ. ಖಾಲಿ ಯಂತ್ರ ಮಗುಚುವುದಿಲ್ಲವೆಂಬ ನಂಬಿಕೆಯೂ ತಪ್ಪು. ಖಾಲಿಯಿದ್ದಾಗ ತೂಕವೆಲ್ಲ ಹಿಂದೆ, ತ್ರಿಕೋನದ ಕಿರಿದಾದ ತುದಿಯತ್ತ ಇರುವುದರಿಂದ, ವೇಗವಾಗಿ ತಿರುಗಿಸಿದ ಖಾಲಿ ಯಂತ್ರ ಸುಲಭವಾಗಿ ಪಕ್ಕಕ್ಕೆ ಉರುಳುತ್ತದೆ.

ಇಳಿಜಾರಿನಲ್ಲಿ ಭಾರವಿದ್ದರೆ ಭಾರ ಯಾವಾಗಲೂ ಮೇಲ್ಮುಖವಾಗಿರಲಿ, ಅಂದರೆ ಮುಂದಾಗಿ ಹತ್ತಿ ರಿವರ್ಸಿನಲ್ಲಿ ಇಳಿಯಬೇಕು; ಖಾಲಿಯಿದ್ದರೆ ಫೋರ್ಕು ಕೆಳಮುಖವಾಗಿರಲಿ. ಇಳಿಜಾರಿನ ಮೇಲೆ ತಿರುಗಿಸಬಾರದು. ಸರಕು ಎತ್ತರವಾಗಿ ಎದುರಿನದು ಕಾಣದಿದ್ದರೆ ಸಮತಟ್ಟಿನಲ್ಲಿ ರಿವರ್ಸಿನಲ್ಲಿ ಸಾಗಬೇಕು. ಇಳಿಜಾರು ಹತ್ತಬೇಕಾದರೆ ದಾರಿ ತೋರಿಸಲು ಒಬ್ಬರನ್ನು ನಿಲ್ಲಿಸಬೇಕು.

ಹಂತ 7: ಡಾಕ್ ಮತ್ತು ಲಾರಿ

ಫೋರ್ಕ್‌ಲಿಫ್ಟ್ ಲಾರಿಯೊಳಗೆ ಹೋಗಿ ಬರುವಾಗ ಪ್ರತಿ ಬಾರಿ ಬ್ರೇಕ್ ಹಾಕಿದಂತೆಲ್ಲ ಲಾರಿ ಸ್ವಲ್ಪ ಸ್ವಲ್ಪವೇ ಮುಂದೆ ಜರುಗುತ್ತದೆ, ಡಾಕಿಗೂ ಲಾರಿಗೂ ನಡುವೆ ಬಾಯಿ ತೆರೆಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ಲೋಡಿಂಗ್ ಮುಗಿಯಿತೆಂದು ತಿಳಿದ ಚಾಲಕ ಲಾರಿಯನ್ನು ಎಳೆದುಬಿಡುವುದು. ಚಕ್ರಕ್ಕೆ ವೀಲ್ ಚೋಕ್ (ಉರುಳದಂತೆ ಅಡ್ಡ ಇಡುವ ಬೆಣೆ) ಇಡುವುದರ ಜೊತೆಗೆ, ಲಾರಿಯ ಕೀಲಿಕೈಯನ್ನು ಡಾಕ್ ಸೂಪರ್‌ವೈಸರನ ಮೇಜಿನ ಮೇಲಿನ ಮೊಳೆಗೆ ನೇತುಹಾಕಿ, ಸಹಿಯಾದ ಕಾಗದದೊಂದಿಗೆ ಮಾತ್ರ ಮರಳಿ ಕೊಡುವ ಪದ್ಧತಿ ಅತ್ಯಂತ ಅಗ್ಗದ, ಅತ್ಯಂತ ಗಟ್ಟಿಯಾದ ರಕ್ಷಣೆ. ಚಾಲಕ ಆ ಹೊತ್ತಿನಲ್ಲಿ ಕ್ಯಾಬಿನ್ನಿನಲ್ಲಿ ಮಲಗದೆ, ಡಾಕಿನ ಮೇಲೆಯೂ ನಿಲ್ಲದೆ, ಅವನಿಗೆಂದು ಇಟ್ಟ ಬೆಂಚಿನ ಮೇಲೆ ಕೂರಲಿ. ಲಾರಿಯ ಹಲಗೆ ನೆಲ ಯಂತ್ರದ ಮತ್ತು ಸರಕಿನ ಕೂಡು ತೂಕವನ್ನು ತಡೆಯುತ್ತದೆಯೇ ಎಂದು ಒಳಗೆ ಹೋಗುವ ಮೊದಲು ನೋಡಿ. ಕೊಳೆತ ಹಲಗೆಯ ಲಾರಿಗೆ ಕೈಯಿಂದ ತಳ್ಳುವ ಹ್ಯಾಂಡ್ ಪ್ಯಾಲೆಟ್ ಟ್ರಕ್ಕೇ ಸರಿ.

ಹಂತ 8: ರ‍್ಯಾಕ್ ಮತ್ತು ಬ್ಯಾಟರಿ

ಯಂತ್ರ ತಾಗಿ ಬಾಗಿದ ಒಂದು ರ‍್ಯಾಕ್ ಕಂಬ ಇಡೀ ಸಾಲನ್ನು ಕೆಡವಬಲ್ಲದು. ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನು ಕಂಬಕ್ಕೆ ಹಿಡಿದು ನೋಡಿ: ಸಾಲಿನ ಉದ್ದಕ್ಕೆ 5 ಮಿಲಿಮೀಟರಿಗಿಂತ, ರ‍್ಯಾಕಿನ ಒಳಮುಖಕ್ಕೆ 3 ಮಿಲಿಮೀಟರಿಗಿಂತ ಹೆಚ್ಚು ಬಾಗಿದ್ದರೆ ದುರಸ್ತಿಯಾಗುವವರೆಗೆ ಹೊಸ ಸರಕು ಇಡಬಾರದು, ಅದರ ಎರಡರಷ್ಟು ಮೀರಿದ್ದರೆ ಆ ಖಾನೆಯನ್ನು ತಕ್ಷಣ ಖಾಲಿ ಮಾಡಿಸಬೇಕು. ಕಂಬಕ್ಕೆ ತಾಗಿಸಿದವನಿಗೆ ದಂಡ ಹಾಕುವ ಗೋದಾಮುಗಳಲ್ಲಿ ಇಂಥ ಪೆಟ್ಟುಗಳು ಯಾರಿಗೂ ಗೊತ್ತಾಗದೆ ಉಳಿಯುತ್ತವೆ ಎಂಬ ಕಾರಣಕ್ಕೇ ನಾನು ದಂಡದ ವಿರೋಧಿ.

ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡಾ 4 ಮುಟ್ಟಿದರೆ ಒಂದು ಕಿಡಿ ಸಾಕು. ಚಾರ್ಜಿಂಗ್ ಜಾಗ ಗಾಳಿಯಾಡುವಂತಿರಲಿ, ಬೀಡಿ ಸಿಗರೇಟು ಅಲ್ಲಿ ಬೇಡ. ಡಿಸ್ಟಿಲ್ಡ್ ನೀರನ್ನು ಚಾರ್ಜ್ ಮುಗಿದ ಮೇಲೆ ತುಂಬಬೇಕು. ಆಮ್ಲ ಕಣ್ಣಿಗೆ ಸಿಡಿದರೆ ಕನಿಷ್ಠ 20 ನಿಮಿಷ ನೀರು ಹರಿಸುತ್ತಿರಬೇಕಾದ್ದರಿಂದ ನಲ್ಲಿ ಪಕ್ಕದಲ್ಲೇ ಇರಬೇಕು. ಡೀಸೆಲ್ ಅಥವಾ ಎಲ್‌ಪಿಜಿ ಯಂತ್ರಗಳನ್ನು ಬಾಗಿಲು ಮುಚ್ಚಿದ ಗೋದಾಮಿನಲ್ಲಿ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ವಾಸನೆಯಿಲ್ಲ.

ಹಂತ 9: ಯಂತ್ರ ಮಗುಚುವಾಗ ಏನು ಮಾಡಬೇಕು

ಇದನ್ನು ಪ್ರತಿಯೊಬ್ಬ ಆಪರೇಟರನಿಗೆ ಬಾಯಿಪಾಠವಾಗುವಂತೆ ಹೇಳಿಕೊಡಬೇಕು, ಏಕೆಂದರೆ ಸಹಜ ಬುದ್ಧಿ ಹೇಳುವುದು ಇದಕ್ಕೆ ತದ್ವಿರುದ್ಧ. ಕುಳಿತು ಓಡಿಸುವ ಯಂತ್ರ ವಾಲತೊಡಗಿದಾಗ ಹಾರಬಾರದು. ಹಾರಿದವನು ಬೀಳುವ ಜಾಗಕ್ಕೇ ತಲೆಯ ಮೇಲಿನ ಚೌಕಟ್ಟು ಬಂದು ಬೀಳುತ್ತದೆ. ಇಂಥ ಸಾವುಗಳು ಆಗುವುದು ಹಾಗೆಯೇ. ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು, ಪಾದಗಳನ್ನು ಒತ್ತಿ ಊರಿ, ಯಂತ್ರ ಬೀಳುತ್ತಿರುವ ದಿಕ್ಕಿನ ಎದುರು ದಿಕ್ಕಿಗೆ ಮೈ ವಾಲಿಸಿ ಕುಳಿತೇ ಇರಬೇಕು. ಸೀಟ್‌ಬೆಲ್ಟ್ ಇರುವುದು ಇದಕ್ಕಾಗಿಯೇ. ಹಿಂಬದಿಯಿಂದ ಹತ್ತಿ ನಿಂತು ಓಡಿಸುವ ಯಂತ್ರದಲ್ಲಿ ಮಾತ್ರ ನಿಯಮ ಬೇರೆ; ಅಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟು ಹೊರಬರಬೇಕು.

ಹಂತ 10: ಗಾಯವಾದರೆ

ಮೊದಲು ಯಂತ್ರವನ್ನು ಬಂದ್ ಮಾಡಿ, ಉಳಿದ ಯಂತ್ರಗಳನ್ನೂ ನಿಲ್ಲಿಸಿ, 108ಕ್ಕೆ ಕರೆ ಮಾಡಿ. ಕಾಲು ಚಕ್ರದಡಿ ಸಿಕ್ಕಿದ್ದರೆ ಗಾಬರಿಯಲ್ಲಿ ಯಂತ್ರವನ್ನು ಹಿಂದೆಮುಂದೆ ಆಡಿಸಿದರೆ ಎರಡನೆಯ ಬಾರಿ ಜಜ್ಜಿದಂತಾಗುತ್ತದೆ. ಯಾವ ಕಡೆ ಸರಿಯುತ್ತದೆಂದು ಖಚಿತಪಡಿಸಿಕೊಂಡು, ಒಬ್ಬನು ಮಾತ್ರ ಹೇಳಲಿ, ಒಬ್ಬನು ಮಾತ್ರ ಯಂತ್ರ ಸರಿಸಲಿ. ರಕ್ತ ಸುರಿಯುವ ಕಡೆ ಶುದ್ಧ ಬಟ್ಟೆಯಿಟ್ಟು ಒತ್ತಿ ಹಿಡಿಯಿರಿ. ಎತ್ತರದಿಂದ ಬಿದ್ದವನನ್ನು, ಬೆನ್ನಿಗೆ ಪೆಟ್ಟಾದವನನ್ನು ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಆ ಚೀಲವನ್ನು ಮಂಜುಗಡ್ಡೆಯ ಮೇಲೆ ಇಡಿ. ಬೆರಳನ್ನು ನೇರವಾಗಿ ಮಂಜುಗಡ್ಡೆಗೆ ತಾಗಿಸಬಾರದು. ಪ್ಯಾಲೆಟ್ಟಿನ ನಡುವೆ ಎದೆ ಹೊಟ್ಟೆ ಒತ್ತಿದವರು ಮೇಲ್ನೋಟಕ್ಕೆ ಸರಿಯಾಗಿದ್ದರೂ ಆಸ್ಪತ್ರೆಗೆ ಕಳಿಸಲೇಬೇಕು, ಒಳಗಿನ ರಕ್ತಸ್ರಾವ ಹೊರಗೆ ಕಾಣುವುದಿಲ್ಲ.

ಆಮೇಲೆ ಕಾಗದದ ಕೆಲಸ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವ ಕಾರ್ಮಿಕರು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಗೆ ಬರುತ್ತಾರೆ. ಇದಕ್ಕೆ ಮಾಲೀಕರ ವಂತಿಗೆ ಸಂಬಳದ ಶೇಕಡಾ 3.25, ಕಾರ್ಮಿಕರದು 0.75. ಕೆಲಸದಲ್ಲಾದ ಗಾಯಕ್ಕೆ, ಸೇರಿದ ಮೊದಲ ದಿನವೇ ಆಗಿದ್ದರೂ, ಕೆಲಸಕ್ಕೆ ಮರಳುವವರೆಗೆ ದಿನಗೂಲಿಯ ಶೇಕಡಾ 90ರಷ್ಟು ಸಿಗುತ್ತದೆ. ಅಂಗ ಊನವಾಗಿ ದುಡಿಮೆಯ ಶಕ್ತಿ ಕುಂದಿದರೆ ವೈದ್ಯಕೀಯ ಮಂಡಳಿ ನಿರ್ಧರಿಸಿದಷ್ಟು ಪಾಲು ಜೀವನಪೂರ್ತಿ ಬರುತ್ತದೆ. ಇದಕ್ಕೆ ಬುನಾದಿ ಎರಡು ದಾಖಲೆಗಳು: ಗೋದಾಮಿನಲ್ಲಿ ಇಟ್ಟಿರಬೇಕಾದ ಅಪಘಾತ ಪುಸ್ತಕದಲ್ಲಿನ ನಮೂದು, ಮತ್ತು ಮಾಲೀಕರು 24 ಗಂಟೆಯೊಳಗೆ ಸಲ್ಲಿಸಬೇಕಾದ ಫಾರಂ 12ರ ವರದಿ. ಗಾಯ ತೀವ್ರವಾಗಿದ್ದರೆ ಆ ವರದಿ ತಕ್ಷಣವೇ ಹೋಗಬೇಕು. ‘ಬೈಕಿನಿಂದ ಬಿದ್ದೆ ಅಂತ ಹೇಳು, ಆಸ್ಪತ್ರೆ ಖರ್ಚು ನಾವು ನೋಡಿಕೊಳ್ಳುತ್ತೇವೆ’ ಎಂಬ ಮಾತಿಗೆ ಕಾರ್ಮಿಕರು ಒಪ್ಪಬಾರದು, ಮಾಲೀಕರು ಆಡಬಾರದು. ಆಸ್ಪತ್ರೆಯ ಚೀಟಿಯಲ್ಲಿ ಒಮ್ಮೆ ಹಾಗೆ ಬರೆದುಹೋದರೆ ಆಮೇಲೆ ತಿದ್ದಿಸುವುದು ಬಹಳ ಕಷ್ಟ.

ನವೆಂಬರ್ 21, 2025ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಕಾರ್ಖಾನೆಗಳ ಕಾಯ್ದೆಯ ವಿಷಯ ಔದ್ಯೋಗಿಕ ಸುರಕ್ಷತೆಯ ಸಂಹಿತೆಗೂ ಇಎಸ್‌ಐ ಮತ್ತು ಅಪಘಾತ ಪರಿಹಾರದ ವಿಷಯ ಸಾಮಾಜಿಕ ಭದ್ರತಾ ಸಂಹಿತೆಗೂ ಸೇರಿವೆ. ಆದ್ದರಿಂದ ಹಳೆಯ ಫಾರಂಗಳನ್ನು ತುಂಬುವ ಮುನ್ನ ಈಗ ಯಾವ ನಮೂನೆ ನಡೆಯುತ್ತಿದೆ ಎಂದು ಇಎಸ್‌ಐ ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ.

ಗುತ್ತಿಗೆಯ ಮೇಲೆ ಬರುವ ಹಮಾಲರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಗುತ್ತಿಗೆದಾರ ಇಎಸ್‌ಐ ಕಟ್ಟದಿದ್ದರೆ ಆ ಹೊಣೆ ಮೂಲ ಮಾಲೀಕರ ಮೇಲೆಯೇ ಬೀಳುತ್ತದೆ. ಕಟ್ಟಿದ ಹಣವನ್ನು ಗುತ್ತಿಗೆದಾರನಿಂದ ಆಮೇಲೆ ವಸೂಲಿ ಮಾಡಿಕೊಳ್ಳಬಹುದು, ಅಷ್ಟೇ. ಹಬ್ಬದ ಸೀಸನ್ನಿನಲ್ಲಿ ಮೇಸ್ತ್ರಿ ರಾತ್ರೋರಾತ್ರಿ ಹತ್ತು ಹೊಸ ಜನರನ್ನು ಕರೆತಂದಾಗ, ಪ್ರತಿಯೊಬ್ಬರ ಇಎಸ್‌ಐ ಸಂಖ್ಯೆಯನ್ನು ಗೇಟಿನಲ್ಲಿಯೇ ಬರೆದುಕೊಂಡು, ಚಪ್ಪಲಿ ತೆಗೆಸಿ ಬೂಟು ಕೊಟ್ಟು, ಹಳದಿ ಪಟ್ಟೆಯ ದಾರಿಯನ್ನು ಒಮ್ಮೆ ನಡೆಸಿ ತೋರಿಸಿದ ಮೇಲೆಯೇ ಒಳಗೆ ಬಿಡುವುದು ಸೂಪರ್‌ವೈಸರನ ಕೆಲಸ.